ಸೇರಿಸಿದ್ದನ್ನು ತೆಗೆಯುವ ವಿದ್ಯೆ

ಪೂಜೆಗೆ ಕುಳಿತವರು ಮೊದಲು ಆವಾಹನೆ ಮಾಡುತ್ತಾರೆ. ಮುಗಿಸುವಾಗ ಉದ್ವಾಸನೆ ಹೇಳುತ್ತಾರೆ. ಕಲಶಕ್ಕೆ ಯಾವ ದೇವತೆಯನ್ನು ಕರೆದೆವೋ ಆ ದೇವತೆಯನ್ನೇ ಹೆಸರು ಹೇಳಿ ಕಳುಹಿಸಿಕೊಡುವುದು ಕ್ರಮ. ಗಣಪತಿಯನ್ನು ತಂದ ಮನೆಯಲ್ಲಿ ವಿಸರ್ಜನೆ ಯಾವ ದಿನ ಎಂಬುದೂ ಸಾಮಾನ್ಯವಾಗಿ ತಂದ ದಿನವೇ ನಿಶ್ಚಯವಾಗಿರುತ್ತದೆ. ಕರೆಯುವಾಗಲೇ ಕಳುಹಿಸುವುದನ್ನೂ ಯೋಚಿಸಿಟ್ಟ ಈ ಶಿಸ್ತು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಒಂದು ವಿವೇಕವಿದೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ.

ಈ ಬರಹದ ವಿಷಯ ಪೂಜೆಯಲ್ಲ. ನಮ್ಮ ಕೊಲ್ಲಿ ಪ್ರದೇಶದ ಬಹುಪಾಲು ಕನ್ನಡ ಮನೆಗಳಿಗೆ ಅನ್ನ ಕೊಡುವ ತಂತ್ರಾಂಶ ವಿದ್ಯೆಯ ಒಂದು ಸಣ್ಣ ಮೂಲೆ. ನನ್ನದು ವೈದ್ಯವೃತ್ತಿ. ಸಂಘದ ಆರೋಗ್ಯ ಶಿಬಿರಕ್ಕೆಂದು ಒಂದು ನೋಂದಣಿ ಪುಟ ಸಿದ್ಧಪಡಿಸುವಾಗ, ಶನಿವಾರ ಮಧ್ಯಾಹ್ನಗಳಲ್ಲಿ ಎಂಜಿನಿಯರ್ ಸ್ವಯಂಸೇವಕರ ಪಕ್ಕ ಕುಳಿತು ಈ ವಿಷಯ ಕಲಿತೆ. ಕಲಿಯುತ್ತ ಹೋದಂತೆ, ಇದು ನಮ್ಮ ತಂದೆತಾಯಿಯರ ಔಷಧಿ ಚೀಲಕ್ಕೂ ಸಂಬಂಧಿಸಿದ ಮಾತು ಎನಿಸಿತು. ಪ್ರೋಗ್ರಾಮಿಂಗ್ ಬಲ್ಲವರಿಗೆ ಮೊದಲ ಭಾಗ ಹಳೆಯದಾಗಿ ಕಾಣಬಹುದು. ದಯವಿಟ್ಟು ಎರಡನೆಯ ಭಾಗದವರೆಗೆ ಜೊತೆಗಿರಬೇಕೆಂದು ವಿನಂತಿ.

ಪರದೆಯ ಮೇಲೆ ಒಂದು ಗುಂಡಿಯಿದೆ ಎಂದುಕೊಳ್ಳೋಣ. ಅದರ ಮೇಲೆ ‘ಖಚಿತಪಡಿಸಿ’ ಎಂದು ಬರೆದಿದೆ. ಒತ್ತಿದರೆ ಏನಾಗಬೇಕೆಂಬುದು ಗುಂಡಿಗೆ ತಿಳಿಯದು. ಅದು ಮನೆಯ ಕರೆಗಂಟೆಯಂತೆ. ಸದ್ದು ಮಾಡುವುದಷ್ಟೇ ಅದರ ಕೆಲಸ. ಒಳಗೆ ಯಾರಾದರೂ ಕಿವಿಗೊಟ್ಟು ಕುಳಿತಿದ್ದರೆ ಮಾತ್ರ ಬಾಗಿಲು ತೆರೆದೀತು. ಒತ್ತುವ ಆ ಕ್ರಿಯೆಗೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈವೆಂಟ್ ಎಂದು ಹೆಸರು. ಕಿವಿಗೊಟ್ಟು ಕುಳಿತು, ಸದ್ದಾದೊಡನೆ ಎದ್ದು ಕೆಲಸ ಮಾಡುವ ಸಣ್ಣ ಕಾರ್ಯಭಾಗಕ್ಕೆ ಈವೆಂಟ್ ಹ್ಯಾಂಡ್ಲರ್ ಅಥವಾ ಈವೆಂಟ್ ಲಿಸನರ್ ಎನ್ನುತ್ತಾರೆ. ಇಲ್ಲಿ ಅದನ್ನು ‘ಕೇಳುಗ’ ಎಂದು ಕರೆಯುತ್ತೇನೆ.

ಈ ಕೇಳುಗನ ಚರಿತ್ರೆಯ ಬಹುಭಾಗ ನಾವು ದಿನವೂ ಓಡಾಡುವ ಊರುಗಳಲ್ಲೇ ನಡೆದಿದೆ. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಮೌಸ್ ಹಿಡಿದು ಪರದೆಯ ಮೇಲಿನ ವಸ್ತುಗಳನ್ನು ಆಡಿಸಿ ತೋರಿಸಿದರು. ಅವರ ಪ್ರಯೋಗಶಾಲೆ ಮೆನ್ಲೊ ಪಾರ್ಕಿನಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಪಾಲೊ ಆಲ್ಟೊದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆ ರೂಪುಗೊಂಡಿತು. ಅದರಲ್ಲಿ ಒಂದು ವಸ್ತು ಬದಲಾದಾಗ ಸುದ್ದಿ ತಿಳಿಯಬೇಕಾದ ಇತರ ವಸ್ತುಗಳನ್ನು ‘ಅವಲಂಬಿತರು’ ಎಂದು ಪಟ್ಟಿಗೆ ಸೇರಿಸುವ, ಪಟ್ಟಿಯಿಂದ ತೆಗೆಯುವ ಎರಡು ಆಜ್ಞೆಗಳಿದ್ದವು. 1987ರಲ್ಲಿ ಆ್ಯಪಲ್ ಸಂಸ್ಥೆ ಬಿಲ್ ಅಟ್ಕಿನ್ಸನ್ ಅವರ ಹೈಪರ್‌ಕಾರ್ಡ್ ಅನ್ನು ಹೊರತಂದಿತು. ಅಲ್ಲಿ ‘ಆನ್ ಮೌಸ್‌ಅಪ್’ ಎಂದು ಆರಂಭಿಸಿ ನಾಲ್ಕು ಸಾಲು ಬರೆದರೆ ಸಾಕು, ಶಾಲೆಯ ಮಕ್ಕಳೂ ಗುಂಡಿಗಳಿಗೆ ಜೀವ ತುಂಬಬಹುದಾಗಿತ್ತು.

1995ರ ಮೇ ತಿಂಗಳಲ್ಲಿ ಮೌಂಟನ್ ವ್ಯೂ ಊರಿನ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಒಂದು ಭಾಷೆಯ ಮೊದಲ ಕರಡನ್ನು ಕಟ್ಟಿದರು. ಅದೇ ಮುಂದೆ ಜಾವಾಸ್ಕ್ರಿಪ್ಟ್ ಎಂದು ಹೆಸರಾಯಿತು. ಆ ಕಾಲದಲ್ಲಿ ಒಂದು ಗುಂಡಿಗೆ ‘ಆನ್‌ಕ್ಲಿಕ್’ ಎಂಬ ಒಂದೇ ಪೀಠ. ಅಲ್ಲಿ ಒಬ್ಬನೇ ಕೇಳುಗ ಕುಳಿತುಕೊಳ್ಳಬಹುದಿತ್ತು. ಎರಡನೆಯವನನ್ನು ಕೂರಿಸಿದರೆ ಮೊದಲಿನವನು ತಾನಾಗಿಯೇ ಎದ್ದು ಹೋಗುತ್ತಿದ್ದನು. ಅದು ಮಿತಿಯೂ ಹೌದು, ಒಂದು ರೀತಿಯ ರಕ್ಷಣೆಯೂ ಹೌದು: ಹಳಬರು ಉಳಿದುಕೊಳ್ಳುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಆದರೆ ಪುಟಗಳು ದೊಡ್ಡದಾದವು. ಒಂದೇ ಒತ್ತಿಗೆ ಹಣದ ಲೆಕ್ಕ ಮಾಡುವವನೊಬ್ಬ, ಎಣಿಕೆ ಇಡುವವನೊಬ್ಬ, ಬಣ್ಣ ಬದಲಿಸುವವನೊಬ್ಬ ಬೇಕಾದರು. 2000ದ ನವೆಂಬರಿನಲ್ಲಿ ಡಬ್ಲ್ಯು3ಸಿ ಸಂಸ್ಥೆ ಅಂಗೀಕರಿಸಿದ ನಿಯಮಾವಳಿಯಲ್ಲಿ ಎರಡು ಆಜ್ಞೆಗಳು ಜೋಡಿಯಾಗಿ ಬಂದವು: ಕೇಳುಗನನ್ನು ಸೇರಿಸುವ ‘ಆ್ಯಡ್‌ಈವೆಂಟ್‌ಲಿಸನರ್’ ಮತ್ತು ತೆಗೆಯುವ ‘ರಿಮೂವ್‌ಈವೆಂಟ್‌ಲಿಸನರ್’. ಒಂದು ಪೀಠದ ಜಾಗದಲ್ಲಿ ಈಗ ಒಂದು ಚಾಪೆ. ಎಷ್ಟು ಜನ ಬೇಕಾದರೂ ಕುಳಿತುಕೊಳ್ಳಬಹುದು. ಅಂದಿನಿಂದ, ಎಬ್ಬಿಸಿ ಕಳುಹಿಸುವ ಹೊಣೆ ಕೂರಿಸಿದವರ ಮೇಲೆಯೇ ಬಿದ್ದಿತು.

ಆ ಹೊಣೆ ಎಂಥದ್ದೆಂಬುದು ನಮ್ಮ ನೋಂದಣಿ ಪುಟದಲ್ಲೇ ಕಂಡಿತು. ಪರೀಕ್ಷಾರ್ಥ ಪ್ರಯೋಗ ನಡೆಯುತ್ತಿದ್ದಾಗ, ಒಬ್ಬ ಸ್ವಯಂಸೇವಕರು ಒಂದೇ ಸಲ ‘ಖಚಿತಪಡಿಸಿ’ ಎಂದು ಒತ್ತಿದರೂ ಅವರಿಗೆ ಮೂರು ಇಮೇಲ್ ಬಂದವು. ಶಿಬಿರದ ಮೂರು ವೇಳೆಗಳು ಅವರ ಹೆಸರಿಗೆ ಬರೆದುಹೋದವು. ಇನ್ನೊಬ್ಬರಿಗೆ ಒಂದೇ ಇಮೇಲ್. ಇಬ್ಬರ ಫೋನೂ ಒಂದೇ ಬಗೆಯದು, ಪುಟವೂ ಅದೇ. ಪ್ರೌಢಶಾಲೆಯಲ್ಲಿ ಓದುತ್ತಿರುವ ನಮ್ಮ ತಂಡದ ಹುಡುಗಿಯೊಬ್ಬಳು ಕಾರಣ ಹಿಡಿದಳು. ಮೂರು ಇಮೇಲ್ ಪಡೆದವರು ವೇಳೆ ಆರಿಸುವ ಕಿಟಕಿಯನ್ನು ಎರಡು ಸಲ ತೆರೆದು ಮುಚ್ಚಿ, ಮೂರನೆಯ ಸಲ ತೆರೆದಾಗ ಒತ್ತಿದ್ದರು. ಕಿಟಕಿ ತೆರೆದಾಗಲೆಲ್ಲ ಗುಂಡಿಗೆ ಹೊಸ ಕೇಳುಗನೊಬ್ಬ ಸೇರುತ್ತಿದ್ದನು. ಮುಚ್ಚಿದಾಗ ಯಾರೂ ಹೋಗುತ್ತಿರಲಿಲ್ಲ. ಒಂದು ಗಂಟೆಗೆ ಮೂವರು ಎದ್ದು ಬಂದು ಮೂರು ಸಲ ಬಾಗಿಲು ತೆರೆದರು. ಪ್ರತಿಯೊಬ್ಬನೂ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದವನೇ.

ಹಾಗಾದರೆ ಮುಚ್ಚುವಾಗ ತೆಗೆದುಬಿಟ್ಟರಾಯಿತಲ್ಲ ಎಂದು ನಾನು ಕೇಳಿದೆ. ತೆಗೆಯುವ ಸಾಲು ಅಲ್ಲಿ ಇದ್ದೇ ಇತ್ತು! ಆದರೂ ಅದು ಯಾರನ್ನೂ ತೆಗೆಯುತ್ತಿರಲಿಲ್ಲ. ಈ ವಿದ್ಯೆಯ ಸೂಕ್ಷ್ಮವಿರುವುದು ಇಲ್ಲಿಯೇ.

ತೆಗೆಯುವ ಆಜ್ಞೆ ಕೊಡುವಾಗ ‘ಈ ಕೆಲಸ ಮಾಡುವವನನ್ನು ತೆಗೆ’ ಎಂದರೆ ಯಂತ್ರ ಒಪ್ಪುವುದಿಲ್ಲ. ಸೇರಿಸಿದಾಗ ಕೊಟ್ಟ ಅದೇ ವ್ಯಕ್ತಿಯನ್ನು ಬೆರಳಿಟ್ಟು ತೋರಿಸಬೇಕು. ಹೆಸರಿಡದೆ, ಆ ಕ್ಷಣದಲ್ಲಿ ಹುಟ್ಟಿಸಿದ ಕೇಳುಗನನ್ನು ಸೇರಿಸಿ, ಆಮೇಲೆ ಅಕ್ಷರಶಃ ಅದೇ ಸಾಲುಗಳನ್ನು ಮತ್ತೊಮ್ಮೆ ಬರೆದು ‘ಇವನನ್ನು ತೆಗೆ’ ಎಂದರೆ, ಯಂತ್ರದ ಕಣ್ಣಿಗೆ ಇವನು ಬೇರೆಯವನು. ಅವಳಿಗಳಾದರೇನು, ಇಬ್ಬರು ಇಬ್ಬರೇ. ಸೇರಿಸುವಾಗಲೂ ಇದೇ ನ್ಯಾಯ. ಹೆಸರಿಟ್ಟ ಒಬ್ಬನನ್ನೇ ಎರಡು ಸಲ ಸೇರಿಸಿದರೆ ‘ಇವನು ಆಗಲೇ ಇದ್ದಾನೆ’ ಎಂದು ಯಂತ್ರ ಎರಡನೆಯದನ್ನು ಬಿಟ್ಟುಬಿಡುತ್ತದೆ. ಹೆಸರಿಲ್ಲದ ಅವಳಿಗಳನ್ನು ಸೇರಿಸಿದರೆ ಇಬ್ಬರನ್ನೂ ಕೂರಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಕಠಿಣವಾದ ಸಂಗತಿ ಮತ್ತೊಂದು. ತೆಗೆಯಬೇಕಾದವನು ಪಟ್ಟಿಯಲ್ಲಿ ಸಿಗದಿದ್ದರೆ ಯಂತ್ರ ದೂರುವುದಿಲ್ಲ, ಎಚ್ಚರಿಸುವುದೂ ಇಲ್ಲ. ಸುಮ್ಮನೆ ಮುಂದೆ ಹೋಗುತ್ತದೆ. ತೆಗೆದೆವೆಂಬ ನೆಮ್ಮದಿ ನಮಗೆ; ಕುಳಿತವನು ಕುಳಿತೇ ಇರುತ್ತಾನೆ.

ಮಹಾಭಾರತದಲ್ಲಿ ಅಶ್ವತ್ಥಾಮನಿಗೆ ಅಸ್ತ್ರವನ್ನು ಪ್ರಯೋಗಿಸುವುದು ಗೊತ್ತಿತ್ತು, ಉಪಸಂಹಾರ ಗೊತ್ತಿರಲಿಲ್ಲ. ಅರ್ಜುನನಿಗೆ ಎರಡೂ ಗೊತ್ತಿದ್ದವು. ಇಬ್ಬರ ಅಸ್ತ್ರವೂ ಒಂದೇ, ಗುರುವೂ ಒಬ್ಬರೇ. ಹಿಂದಕ್ಕೆ ಕರೆಯುವ ವಿದ್ಯೆಯೇ ಇಬ್ಬರ ನಡುವಣ ವ್ಯತ್ಯಾಸ.

ಉಳಿದುಹೋದ ಕೇಳುಗನಿಂದ ಬರುವ ತೊಂದರೆ ಎರಡು ಸಲ ಇಮೇಲ್ ಹೋಗುವುದಷ್ಟೇ ಅಲ್ಲ. ಅವನು ತನ್ನ ಸಾಮಾನು ಸರಂಜಾಮನ್ನೆಲ್ಲ ಹಿಡಿದುಕೊಂಡು ಕುಳಿತಿರುತ್ತಾನೆ. ಕಂಪ್ಯೂಟರು ಯಾರಿಗೂ ಬೇಡವಾದ ವಸ್ತುಗಳನ್ನು ಗುಡಿಸಿ ನೆನಪಿನ ಜಾಗವನ್ನು ತೆರವು ಮಾಡುತ್ತದೆ. ಆದರೆ ‘ಇದು ನನಗೆ ಬೇಕು’ ಎಂದು ಒಬ್ಬ ಕೇಳುಗ ಹಿಡಿದುಕೊಂಡಿದ್ದರೆ ಅದನ್ನು ಮುಟ್ಟುವಂತಿಲ್ಲ. ಸ್ಮಾಲ್‌ಟಾಕ್‌ನ ಅವಲಂಬಿತರ ಪಟ್ಟಿಯಲ್ಲೇ ಈ ಕಷ್ಟ ಮೊದಲಾಗಿತ್ತು; ಬಿಡುಗಡೆಯ ಆಜ್ಞೆ ಕೊಡದಿದ್ದರೆ ಹಳೆಯ ವಸ್ತುಗಳು ಪಟ್ಟಿಯಲ್ಲಿ ಉಳಿದೇಬಿಡುತ್ತಿದ್ದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ಪುಟವನ್ನು ಬಿಟ್ಟುಹೋದ ಮೇಲೂ ಗುಂಡಿ ಕೇಳುಗನನ್ನು, ಕೇಳುಗ ಗುಂಡಿಯನ್ನು ಹಿಡಿದುಕೊಂಡು ಇಬ್ಬರೂ ನೆನಪಿನಲ್ಲಿ ಉಳಿದುಬಿಡುತ್ತಿದ್ದರು. ದಿನವೆಲ್ಲ ತೆರೆದಿಟ್ಟ ಕಂಪ್ಯೂಟರು ಸಂಜೆಯ ಹೊತ್ತಿಗೆ ಏದುಸಿರು ಬಿಡುತ್ತಿದ್ದುದಕ್ಕೆ ಇಂಥ ಕಣ್ಮರೆಯ ಅತಿಥಿಗಳೂ ಒಂದು ಕಾರಣ.

ಇಷ್ಟನ್ನು ಕೇಳಿ ತಿಳಿದುಕೊಳ್ಳುತ್ತಿದ್ದಾಗ ನನ್ನ ಮನಸ್ಸು ಪುಟವನ್ನು ಬಿಟ್ಟು ಶಿಬಿರದ ಮೇಜಿನ ಕಡೆಗೆ ಹೋಯಿತು.

ಶಿಬಿರದಲ್ಲಿ ನಾವು ಔಷಧಿ ಬರೆಯುವುದಿಲ್ಲ. ರಕ್ತದೊತ್ತಡ ನೋಡಿ, ತಂದ ಮಾತ್ರೆಗಳ ಪಟ್ಟಿ ಮಾಡಿಕೊಟ್ಟು, ‘ಇದನ್ನು ನಿಮ್ಮ ವೈದ್ಯರಿಗೆ ತೋರಿಸಿ’ ಎನ್ನುತ್ತೇವೆ. ಬರುವವರಲ್ಲಿ ಅನೇಕರು ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರು. ಆರು ತಿಂಗಳಿಗೆ ಸಾಕಾಗುವಷ್ಟು ಮಾತ್ರೆಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿ ತಂದಿರುತ್ತಾರೆ. ಒಂದೊಂದನ್ನೂ ಮೇಜಿನ ಮೇಲೆ ಇಟ್ಟು ‘ಇದು ಯಾವುದಕ್ಕೆ?’ ಎಂದು ಕೇಳಿದರೆ ಕೆಲವಕ್ಕೆ ಸ್ಪಷ್ಟ ಉತ್ತರವಿರುತ್ತದೆ. ಕೆಲವಕ್ಕೆ ‘ಆಸ್ಪತ್ರೆಯಿಂದ ಬರುವಾಗ ಬರೆದಿದ್ದರು’ ಎಂಬ ಉತ್ತರ. ಯಾವಾಗ ಎಂದರೆ ‘ನಾಲ್ಕು ವರ್ಷ ಆಯಿತು’. ಎಲ್ಲಿಯವರೆಗೆ ಎಂದು ಕೇಳಿದರೆ ಮೌನ. ಪ್ರಾರಂಭದ ದಿನಾಂಕವಿದೆ, ಮುಕ್ತಾಯದ ದಿನಾಂಕವಿಲ್ಲ. ಸೇರಿಸಿದವರು ಒಬ್ಬರು, ತೆಗೆಯುವ ಹೊಣೆ ಯಾರದೂ ಅಲ್ಲ.

ಅವಳಿಗಳ ತೊಂದರೆಯೂ ಇಲ್ಲಿದೆ. ಭಾರತದಲ್ಲಿ ಪ್ಯಾರಾಸಿಟಮಾಲ್ ಎಂದು ಕರೆಯುವ ಔಷಧಿಗೆ ಅಮೆರಿಕದಲ್ಲಿ ಅಸಿಟಮಿನೊಫೆನ್ ಎಂದು ಹೆಸರು. ಊರಿನಿಂದ ತಂದ ಡೋಲೊ 650ರಲ್ಲಿ ಇರುವುದೂ ಅದೇ, ಇಲ್ಲಿನ ಅಂಗಡಿಯ ಟೈಲೆನಾಲ್‌ನಲ್ಲಿ ಇರುವುದೂ ಅದೇ. ಮೊಣಕಾಲು ನೋವಿಗೆಂದು ಅಮ್ಮ ದಿನಕ್ಕೆ ಮೂರು ಡೋಲೊ ತೆಗೆದುಕೊಳ್ಳುತ್ತಿದ್ದಾರೆ ಎನ್ನೋಣ. ಅದು 1950 ಮಿಲಿಗ್ರಾಂ. ಅದು ಸಾಲದೆಂದು ಮಗ ತಂದುಕೊಟ್ಟ 500 ಮಿಲಿಗ್ರಾಂನ ಟೈಲೆನಾಲ್ ಎರಡೆರಡರಂತೆ ದಿನಕ್ಕೆ ಮೂರು ಸಲ. ಅದು 3000 ಮಿಲಿಗ್ರಾಂ. ಒಟ್ಟು 4950. ಆರೋಗ್ಯವಂತ ವಯಸ್ಕರಿಗೂ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 4000 ಮಿಲಿಗ್ರಾಂ. ಅದನ್ನು ಮೀರಿದರೆ ಯಕೃತ್ತಿಗೆ ಅಪಾಯ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಎರಡೂ ಮಿತಿಯೊಳಗೇ ಇವೆ. ಹೆಸರು ಬೇರೆಯಾದ್ದರಿಂದ ‘ಇವನು ಆಗಲೇ ಇದ್ದಾನೆ’ ಎಂದು ತಡೆಯುವವರು ಯಾರೂ ಇಲ್ಲ. ಆಸ್ತಮಾದವರಿಗೆ ಊರಿನ ಸಾಲ್‌ಬ್ಯುಟಮಾಲ್ ಇಲ್ಲಿ ಆಲ್‌ಬ್ಯುಟರಾಲ್ ಆಗುತ್ತದೆ. ಮಾತ್ರೆಯ ಪೊಟ್ಟಣ ನೋಡಿ ನಾವು ನೆನಪಿಟ್ಟುಕೊಳ್ಳುವುದು ಮಾರಾಟದ ಹೆಸರು. ಅದರ ಜೊತೆಗೆ ಅಚ್ಚಾಗಿರುವ ಔಷಧಿಯ ಹೆಸರೇ ಅದರ ನಿಜವಾದ ಗುರುತು.

ಒಬ್ಬ ಕೇಳುಗ ಮಾಡಿದ ಕೆಲಸವೇ ಇನ್ನೊಂದು ಈವೆಂಟ್ ಆಗಿ ಮತ್ತೊಬ್ಬ ಕೇಳುಗನನ್ನು ಎಬ್ಬಿಸುವುದು ಪ್ರೋಗ್ರಾಮಿಂಗ್‌ನಲ್ಲಿ ಸಾಮಾನ್ಯ. ವೈದ್ಯದಲ್ಲಿಯೂ ಹಾಗೆ. ರಕ್ತದೊತ್ತಡಕ್ಕೆ ಅಮ್ಲೊಡಿಪಿನ್ ಕೊಟ್ಟರೆ ಕೆಲವರ ಕಾಲು ಊದಿಕೊಳ್ಳುತ್ತದೆ. ಊತವನ್ನು ಹೊಸ ಕಾಯಿಲೆಯೆಂದು ತಿಳಿದು ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಪೊಟ್ಯಾಸಿಯಂ ಇಳಿದರೆ ಅದಕ್ಕೊಂದು ಔಷಧಿ. ಮೊದಲನೆಯದನ್ನು ಬದಲಿಸಿದ್ದರೆ ಉಳಿದೆರಡು ಬೇಕಾಗುತ್ತಲೇ ಇರಲಿಲ್ಲ. ಪೌಲಾ ರೊಚನ್ ಮತ್ತು ಜೆರಿ ಗರ್ವಿಟ್ಜ್ ಎಂಬ ವೈದ್ಯರು 1997ರಲ್ಲಿ ಈ ಸರಪಳಿಗೆ ‘ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್’ ಎಂದು ಹೆಸರಿಟ್ಟು ಬರೆದರು. ಅದಕ್ಕೂ ಮೊದಲು, 1991ರಲ್ಲಿ, ಮಾರ್ಕ್ ಬಿಯರ್ಸ್ ಎಂಬ ವೈದ್ಯರು ಹಿರಿಯರಿಗೆ ಒಗ್ಗದ ಔಷಧಿಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಅಮೆರಿಕದ ವೃದ್ಧವೈದ್ಯರ ಸಂಘ ಈಗಲೂ ಅದನ್ನು ಪರಿಷ್ಕರಿಸುತ್ತಿದೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳನ್ನು ಸೂಕ್ತ ಕಾರಣವಿಲ್ಲದೆ ಎಂಟು ವಾರ ಮೀರಿ ಮುಂದುವರಿಸಬಾರದೆಂಬ ಮಾತು ಅದರಲ್ಲಿದೆ. ನಾಲ್ಕು ವರ್ಷದಿಂದ ಬೆಳಗಿನ ಕಾಫಿಗೆ ಮೊದಲು ತಪ್ಪದೆ ನುಂಗುತ್ತಿರುವ ಮಾತ್ರೆ ಬಹಳ ಸಲ ಇದೇ ಆಗಿರುತ್ತದೆ.

ಇಲ್ಲಿಗೆ ಓದಿ ಯಾರೂ ಚೀಲದಿಂದ ಮಾತ್ರೆಗಳನ್ನು ತಾವೇ ತೆಗೆದುಹಾಕಬಾರದು. ಹೋಲಿಕೆ ಮುರಿದುಬೀಳುವ ಜಾಗ ಇದೇ, ಮತ್ತು ಅದನ್ನು ಹೇಳದಿದ್ದರೆ ಈ ಬರಹವೇ ಅಪಾಯಕಾರಿಯಾದೀತು. ಪರದೆಯ ಮೇಲಿನ ಕೇಳುಗನನ್ನು ತೆಗೆದರೆ ಆ ಕ್ಷಣವೇ ಎಲ್ಲವೂ ಮುಗಿಯಿತು. ಗುಂಡಿಗೆ ಅವನ ನೆನಪು ಉಳಿಯುವುದಿಲ್ಲ. ದೇಹ ಹಾಗಲ್ಲ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ರಿಸೆಪ್ಟರ್‌ಗಳೆಂಬ ಕೇಳುಗರಿದ್ದಾರೆ. ಅಡ್ರಿನಾಲಿನ್ ಬಂದು ತಟ್ಟಿದಾಗ ಹೃದಯಕ್ಕೆ ‘ವೇಗವಾಗಿ ಬಡಿ’ ಎಂದು ತಿಳಿಸುವವರು ಅವರೇ. ಇವು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕೆ ನಮ್ಮ ಸ್ಟ್ಯಾನ್‌ಫರ್ಡ್‌ನ ಬ್ರಯನ್ ಕೊಬಿಲ್ಕ ಮತ್ತು ಅವರ ಗುರು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ತಟ್ಟುವಿಕೆ ಅತಿಯಾದರೆ ಜೀವಕೋಶ ಈ ಕೇಳುಗರನ್ನು ಸುಮ್ಮನಾಗಿಸಿ ಒಳಗೆ ಸೆಳೆದುಕೊಳ್ಳುತ್ತದೆ. ಬೀಟಾ ಬ್ಲಾಕರ್ ಎಂಬ ಮಾತ್ರೆಯಿಂದ ಅವರ ಕಿವಿ ಮುಚ್ಚಿಟ್ಟರೆ, ಕೆಲವು ಕಾಲದಲ್ಲಿ ಜೀವಕೋಶ ಇನ್ನಷ್ಟು ಕೇಳುಗರನ್ನು ತಾನೇ ಕೂರಿಸಿಕೊಳ್ಳುತ್ತದೆ. ಆಗ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹೆಚ್ಚಾದ ಕೇಳುಗರೆಲ್ಲ ಒಟ್ಟಿಗೆ ಎದ್ದುನಿಲ್ಲುತ್ತಾರೆ. ಹೃದಯದ ರಕ್ತನಾಳದ ಕಾಯಿಲೆಯಿರುವವರಿಗೆ ಅದರಿಂದ ಎದೆನೋವು, ಹೃದಯಾಘಾತವೂ ಆಗಬಹುದು. ಮೆಟೊಪ್ರೊಲಾಲ್‌ನಂಥ ಔಷಧಿಯನ್ನು ಒಂದೆರಡು ವಾರಗಳಲ್ಲಿ ಮೆಲ್ಲಗೆ ತಗ್ಗಿಸಿ ನಿಲ್ಲಿಸಬೇಕೆಂಬ ಎಚ್ಚರಿಕೆ ಅದಕ್ಕಾಗಿಯೇ. ಆದ್ದರಿಂದ ತೆಗೆಯುವುದು ಸೇರಿಸುವುದಕ್ಕಿಂತ ಹೆಚ್ಚಿನ ಜ್ಞಾನವನ್ನು ಬೇಡುವ ಕೆಲಸ. ಅದನ್ನು ವೈದ್ಯರೇ ಮಾಡಬೇಕು. ಕೇಳುವುದು ಮಾತ್ರ ನಮ್ಮ ಕೆಲಸ.

ಪ್ರೋಗ್ರಾಮಿಂಗ್ ಜಗತ್ತು ಇಪ್ಪತ್ತೈದು ವರ್ಷಗಳ ಅನುಭವದಿಂದ ಕಲಿತ ಪಾಠವನ್ನು ಗಮನಿಸಿದರೆ ಮುಂದಿನ ದಾರಿ ಕಾಣುತ್ತದೆ. ‘ನೆನಪಿಟ್ಟುಕೊಂಡು ತೆಗೆಯಿರಿ’ ಎಂದು ಅವರು ಉಪದೇಶ ಮಾಡುತ್ತ ಕೂರಲಿಲ್ಲ. ತೆಗೆಯುವ ಏರ್ಪಾಡನ್ನು ಸೇರಿಸುವ ಕ್ರಿಯೆಯೊಳಗೇ ಹೆಣೆದರು. ಒಂದೇ ಸಲ ಬೇಕಾದ ಕೇಳುಗನಿಗೆ ‘ಒನ್ಸ್’ ಎಂಬ ಗುರುತು ಹಾಕಿದರೆ ಕೆಲಸ ಮುಗಿದೊಡನೆ ಅವನು ತಾನೇ ಎದ್ದು ಹೋಗುತ್ತಾನೆ. 2021ರಿಂದ ಪ್ರಮುಖ ಬ್ರೌಸರ್‌ಗಳಲ್ಲಿ ಹಲವು ಕೇಳುಗರನ್ನು ಒಂದೇ ‘ಸಿಗ್ನಲ್’ ದಾರಕ್ಕೆ ಪೋಣಿಸಿಟ್ಟು, ದಾರವನ್ನು ಎಳೆದು ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ಅನುಕೂಲವಿದೆ. ಮೆನ್ಲೊ ಪಾರ್ಕಿನ ಫೇಸ್‌ಬುಕ್ ರೂಪಿಸಿದ ರಿಯಾಕ್ಟ್‌ನಲ್ಲಿ 2019ರಿಂದ ಒಂದು ಪದ್ಧತಿಯಿದೆ. ಕೇಳುಗನನ್ನು ಕೂರಿಸುವ ಕಾರ್ಯಭಾಗವೇ ‘ಇವನನ್ನು ಹೀಗೆ ಎಬ್ಬಿಸಬೇಕು’ ಎಂಬ ಸೂಚನೆಯನ್ನೂ ತನ್ನ ಕೊನೆಯ ಸಾಲಾಗಿ ಹಿಂದಿರುಗಿಸುತ್ತದೆ. 2022ರ ಆವೃತ್ತಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಪುಟವನ್ನು ಕಟ್ಟುವ ಹಂತದಲ್ಲೇ, ಸ್ಟ್ರಿಕ್ಟ್ ಮೋಡ್ ಇಟ್ಟುಕೊಂಡಿದ್ದರೆ, ಪ್ರತಿ ಭಾಗವನ್ನೂ ಒಮ್ಮೆ ಸೇರಿಸಿ, ತೆಗೆದು, ಮತ್ತೆ ಸೇರಿಸಿ ನೋಡುತ್ತದೆ. ತೆಗೆಯುವ ಕೆಲಸ ಸರಿಯಾಗಿ ಆಗದಿದ್ದರೆ ದೋಷ ಅಲ್ಲೇ ಬಯಲಾಗುತ್ತದೆ.

ನಮ್ಮ ಪುಟವನ್ನು ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೇಳುಗನಿಗೆ ಒಂದು ಹೆಸರಿಟ್ಟು, ಕಿಟಕಿ ಮುಚ್ಚುವಾಗ ಅದೇ ಹೆಸರು ಹಿಡಿದು ತೆಗೆದರು. ಆಮೇಲೆ ಎಷ್ಟು ಸಲ ತೆರೆದು ಮುಚ್ಚಿದರೂ ಒಂದೇ ಇಮೇಲ್, ಒಂದೇ ವೇಳೆ. ಅದೇ ಸಂಜೆ ಶಿಬಿರದಲ್ಲಿ ಹಂಚುವ ಔಷಧಿ ಪಟ್ಟಿಯ ನಮೂನೆಯನ್ನೂ ತಂಡದವರು ಸೇರಿ ಬದಲಿಸಿದೆವು. ಮೊದಲು ಅದರಲ್ಲಿ ಮೂರು ಕಾಲಂಗಳಿದ್ದವು: ಔಷಧಿಯ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ. ಈಗ ಎಂಟು ಇವೆ. ಮಾರಾಟದ ಹೆಸರು, ಪೊಟ್ಟಣದ ಮೇಲಿರುವ ನಿಜ ಹೆಸರು, ಪ್ರಮಾಣ, ಎಷ್ಟು ಸಲ, ಯಾವ ಕಾರಣಕ್ಕೆ, ಯಾರು ಯಾವಾಗ ಆರಂಭಿಸಿದರು, ಎಲ್ಲಿಯವರೆಗೆ, ನಿಲ್ಲಿಸುವುದನ್ನು ನಿರ್ಧರಿಸುವವರು ಯಾರು.

ಮನೆಯಲ್ಲಿ ಈ ಪಟ್ಟಿ ಮಾಡಲು ಅರ್ಧ ಗಂಟೆ ಸಾಕು. ಅಪ್ಪ ಅಮ್ಮ ಊರಿನಿಂದ ಬಂದ ಮೊದಲ ವಾರದಲ್ಲಿ, ಅವರು ಪ್ರಯಾಣದ ಆಯಾಸ ಕಳೆದುಕೊಂಡ ಮೇಲೆ, ಚೀಲವನ್ನು ಊಟದ ಮೇಜಿನ ಮೇಲೆ ಬಿಚ್ಚಿ ಒಟ್ಟಿಗೆ ಕುಳಿತು ಬರೆಯಿರಿ. ಇಲ್ಲಿನ ಅಂಗಡಿಯಿಂದ ತಂದ ನೋವಿನ ಮಾತ್ರೆ, ನಿದ್ರೆಯ ಮಾತ್ರೆ, ವಿಟಮಿನ್, ಊರಿನ ಚೂರ್ಣ, ಕಷಾಯಗಳೂ ಪಟ್ಟಿಗೆ ಬರಲಿ. ಎರಡನೆಯ ಕಾಲಂನಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಆ ದಿನವೇ ವೈದ್ಯರಿಗೋ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೋ ಫೋನ್ ಮಾಡಿ. ‘ಎಲ್ಲಿಯವರೆಗೆ’ ಎಂಬ ಕಾಲಂ ಎಲ್ಲೆಲ್ಲಿ ಖಾಲಿ ಉಳಿಯುತ್ತದೆಯೋ ಅಲ್ಲೊಂದು ಗೆರೆ ಎಳೆಯಿರಿ. ಕೆಲವು ಔಷಧಿಗಳು ಜೀವನಪರ್ಯಂತ ಬೇಕಾದವು. ಅಲ್ಲಿ ವೈದ್ಯರು ‘ಸದಾ’ ಎಂದು ಬರೆಯುತ್ತಾರೆ, ಅದೂ ಒಂದು ಉತ್ತರವೇ. ಉಳಿದ ಗೆರೆಗಳೇ ಮುಂದಿನ ಭೇಟಿಯಲ್ಲಿ, ಇಲ್ಲಿಯಾಗಲಿ ಊರಿನಲ್ಲಾಗಲಿ, ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳು. ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟ ದಿನವಂತೂ, ಚೀಟಿ ಕೈಗೆ ಬಂದೊಡನೆ, ಏಳುವ ಮೊದಲೇ ಕೇಳಿಬಿಡಿ: ‘ಡಾಕ್ಟರೇ, ಇದನ್ನು ಯಾವಾಗ, ಹೇಗೆ ನಿಲ್ಲಿಸಬೇಕು?’